ಆಷಾಢದಲ್ಲೊಬ್ಬ ಪ್ರಾಂಪ್ಟರ್

ಆಷಾಢ ಬಂತೆಂದರೆ ತಿಪಟೂರಿನ ನಮ್ಮ ಪ್ರೆಸ್ಸಿನಲ್ಲಿ ಎರಡೇ ಸದ್ದು. ಒಂದು ಫ್ಯಾನಿನದು, ಇನ್ನೊಂದು ನನ್ನ ಆಕಳಿಕೆಯದು. ಈ ತಿಂಗಳಲ್ಲಿ ಯಾರೂ ಮದುವೆಯಾಗುವುದಿಲ್ಲ. ಆಗುವವರು ಕಾರ್ಡ್ ಹಂಚುವುದಿಲ್ಲ. ಲಗ್ನದ ತಿಂಗಳುಗಳಲ್ಲೂ ಈಗ ಮೊದಲಿನ ಗದ್ದಲವಿಲ್ಲ. 500 ಕಾರ್ಡ್ ಹೊಡೆಸುತ್ತಿದ್ದ ಮನೆಯವರೇ, "ದೇವರ ಮುಂದೆ ಇಡೋಕೆ, ಹಿರಿಯರಿಗೆ ಕೊಡೋಕೆ ಒಂದು 100 ಸಾಕು, ಮಿಕ್ಕಿದ್ದಕ್ಕೆ ವಾಟ್ಸಾಪ್ ಇದೆಯಲ್ಲ" ಅನ್ನುತ್ತಾರೆ.

ಕಳೆದ ಆಷಾಢದಲ್ಲಿ ಬೆಂಗಳೂರಿನಿಂದ ಬಂದ ಅಕ್ಕನ ಮಗ ನನ್ನ ಆಕಳಿಕೆ ನೋಡಿ, "ಮಾಮ, ನೀವು ಎಲ್ಲೂ ಕಾಣಿಸ್ತಾನೇ ಇಲ್ಲ" ಅಂದ.

"ಬೆಳಿಗ್ಗೆಯಿಂದ ಇಲ್ಲೇ ಕೂತಿದ್ದೀನಲ್ಲೋ!"

"ಆನ್‌ಲೈನಲ್ಲಿ ಮಾಮ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಲಿಂಕ್ಡ್‌ಇನ್. ದಿನಕ್ಕೊಂದು ಪೋಸ್ಟ್ ಹಾಕಿ, ಕ್ಲೈಂಟ್‌ಗಳು ಹುಡುಕ್ಕೊಂಡು ಬರ್ತಾರೆ."

ನಮ್ಮಲ್ಲಿಗೆ ಇದುವರೆಗೆ ಬರುತ್ತಿದ್ದವರು ಗಿರಾಕಿಗಳು. ಕ್ಲೈಂಟ್ ಬಂದರೆ ಸ್ಟೂಲು ಸಾಲದು, ಕೈಯಿರುವ ಕುರ್ಚಿಯೇ ಬೇಕಾದೀತು ಎಂದು ನಾನು ಯೋಚಿಸುತ್ತಿರುವಾಗಲೇ ಹುಡುಗ ನನ್ನ ಫೋನಿಗೆ ಚಾಟ್‌ಜಿಪಿಟಿ ಇಳಿಸಿ, ಒಂದು ನಮೂನೆಯನ್ನೂ ಬರೆದುಕೊಟ್ಟ. ಅದರ ಹೆಸರು ಪ್ರಾಂಪ್ಟ್. ನೀನು ಯಾರು, ಯಾರಿಗಾಗಿ ಬರೆಯಬೇಕು, ಎಷ್ಟುದ್ದ, ಯಾವ ಧಾಟಿ, ಓದಿದವರು ಕೊನೆಗೆ ಏನು ಮಾಡಬೇಕು, ಇಷ್ಟನ್ನೂ ಅದಕ್ಕೆ ಬಿಡಿಸಿ ಹೇಳಬೇಕಂತೆ. ಶುರುವಾಗುವುದೇ ಹೀಗೆ: "ನೀನು 20 ವರ್ಷ ಅನುಭವವುಳ್ಳ ಮಾರ್ಕೆಟಿಂಗ್ ತಜ್ಞ." 2022ರ ನವೆಂಬರಿನಲ್ಲಿ ಲೋಕಕ್ಕೆ ಬಂದ ಕೂಸಿಗೆ 20 ವರ್ಷದ ಅನುಭವ ಹೊರಿಸುವುದು ಸರಿಕಾಣಲಿಲ್ಲ. ಆದರೆ ವಧೂವರರ ಬಯೋಡೇಟಾ ಟೈಪ್ ಮಾಡಿ ಬದುಕುವವನಿಗೆ ಇಂಥದ್ದು ತೀರ ಹೊಸದೂ ಅಲ್ಲ.

ಪ್ರಾಂಪ್ಟ್ ಎಂಬ ಮಾತೂ ನಮ್ಮ ಕಡೆಗೆ ಹೊಸದಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ನಮ್ಮದೇ ಜಿಲ್ಲೆಯದು. ಕಂಪನಿ ನಾಟಕಗಳಲ್ಲಿ ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ನಿಂತು, ಪಾತ್ರಧಾರಿ ಮಾತು ಮರೆತಾಗ ಪಿಸುಗುಟ್ಟುವವನೇ ಪ್ರಾಂಪ್ಟರ್. ದುರ್ಯೋಧನನ ಆರ್ಭಟವೂ ಮೊದಲು ಅವನ ಪಿಸುಮಾತೇ. ಅಪ್ಪನಿಂದ ಬಂದ ಪ್ರೆಸ್ಸಿನಲ್ಲಿ ಮಾಲೀಕನಾಗಿದ್ದ ನನಗೆ ಅವತ್ತು ಪ್ರಾಂಪ್ಟರ್ ಆಗಿ ಬಡ್ತಿ ಸಿಕ್ಕಿತು.

ಮೊದಲ ಪೋಸ್ಟ್ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಬಂತು. "ಪ್ರೀತಿಯ ಕ್ಷಣಗಳನ್ನು ಅಕ್ಷರಗಳಲ್ಲಿ ಅರಳಿಸುವ ಅನನ್ಯ ಪಯಣ!" ಪಕ್ಕದಲ್ಲಿ ಮೂರು ರಾಕೆಟ್. ಮದುವೆ ಕಾರ್ಡಿಗೂ ರಾಕೆಟ್ಟಿಗೂ ಏನು ನಂಟು ಎಂದು ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು, ಎರಡೂ ಬರುವುದು ಶಿವಕಾಶಿಯಿಂದ. ಇಷ್ಟು ಆಳ ಬಲ್ಲ ಯಂತ್ರದ ಮೇಲೆ ಭಕ್ತಿ ಹುಟ್ಟಿ, ಪೂರ್ತಿ ಓದದೆ ವಾಟ್ಸಾಪ್ ಸ್ಟೇಟಸ್ಸಿಗೆ ಏರಿಸಿದೆ. ಅರ್ಧ ಗಂಟೆಗೆ ಹಳೆಯ ಗಿರಾಕಿಯೊಬ್ಬರ ಫೋನು: "ಏನ್ ಯಜಮಾನ್ರೇ, ಅಂಗಡಿಗೆ ಇನ್ನೂ ನಾಮಕರಣ ಆಗಿಲ್ವಾ?" ನೋಡಿದರೆ ಕೊನೆಯ ಸಾಲು ಹೀಗಿತ್ತು: "ಇಂದೇ ಭೇಟಿ ನೀಡಿ, ನಿಮ್ಮ ಸಂಸ್ಥೆಯ ಹೆಸರನ್ನು ಇಲ್ಲಿ ನಮೂದಿಸಿ." ಸ್ಟೇಟಸ್ಸಿನ ಆಯುಸ್ಸು 24 ಗಂಟೆ ಮಾತ್ರ ಎಂಬುದೊಂದೇ ಸಮಾಧಾನ.

ಅಪ್ಪ ಟ್ರೆಡಲ್ ಮಷೀನು ತುಳಿಯುತ್ತಿದ್ದ ಕಾಲದಲ್ಲಿ, ಮೊಳೆ ಜೋಡಿಸಿದ ಮದುವೆ ಮ್ಯಾಟರನ್ನು ಬಿಚ್ಚದೆ ದಾರ ಸುತ್ತಿ ಇಡುತ್ತಿದ್ದರು. ಮುಂದಿನ ಮದುವೆಗೆ ಹೆಸರು, ತಾರೀಕು, ಛತ್ರ ಬದಲಿಸಿದರೆ ಮುಗಿಯಿತು. "ಸಕುಟುಂಬ ಸಪರಿವಾರ ಸಮೇತರಾಗಿ" ಕೂತಲ್ಲಿಂದ ಕದಲುತ್ತಿರಲಿಲ್ಲ. ಒಮ್ಮೆ ಹುಡುಗಿಯ ಹೆಸರು ಬದಲಿಸುವುದು ಮರೆತೇಹೋಗಿತ್ತು. ಪ್ರೂಫ್ ನೋಡುವಾಗ ಕಣ್ಣಿಗೆ ಬಿತ್ತು ಸರಿ, ಇಲ್ಲದಿದ್ದರೆ ಆ ಹುಡುಗನಿಗೆ ಹಿಂದಿನ ವಾರದ ಮದುಮಗಳೇ ಗತಿ. ಈ ಯಂತ್ರವೂ ಅದೇ ಕಸುಬಿನದು. ಓದಿಕೊಂಡ ರಾಶಿ ಬರಹದ ಬಲದಿಂದ, ಈ ಮಾತಿನ ನಂತರ ಯಾವ ಮಾತು ಬಂದರೆ ಹೊಂದುತ್ತದೆ ಎಂದು ಅಂದಾಜಿಸಿ ಜೋಡಿಸುತ್ತದೆ. "ಸಕುಟುಂಬ" ಎಂದರೆ ಅದು "ಸಪರಿವಾರ" ಎನ್ನುತ್ತದೆ. ಕುಟುಂಬ ಯಾರದ್ದು ಎಂಬುದು ಮಾತ್ರ ಅದಕ್ಕೆ ಗೊತ್ತಿಲ್ಲ.

ಗೊತ್ತಿಲ್ಲದ್ದನ್ನು ಅದು ಖಾಲಿ ಬಿಟ್ಟರೆ ನಾಮಕರಣದ ಫಜೀತಿ. ತುಂಬಿಸಿದರೆ ಏನಾಗುತ್ತದೆಂದು ಎರಡನೆಯ ಪೋಸ್ಟಿನಲ್ಲಿ ತಿಳಿಯಿತು. "ಗಿರಾಕಿಗಳ ಮೆಚ್ಚುಗೆ ಸೇರಿಸು" ಅಂದಿದ್ದೆ. "ಕನಸಿನ ಕಾರ್ಡ್ ಕೈಗೆ ಬಂದಾಗ ನಮ್ಮಿಬ್ಬರ ಕಣ್ಣೂ ತುಂಬಿ ಬಂದವು. ಶ್ರುತಿ ಮತ್ತು ಕಿರಣ್, ತಿಪಟೂರು" ಎಂದು ಬರೆದುಕೊಟ್ಟಿತು. ಓದಿ ನನ್ನ ಕಣ್ಣೂ ತುಂಬಿ ಬಂತು; ಅದೇ ಭರದಲ್ಲಿ ಹಾಕಿಬಿಟ್ಟೆ. ಬೆಂಗಳೂರಲ್ಲಾದರೆ ಯಾರೂ ಕೇಳುತ್ತಿರಲಿಲ್ಲವೇನೋ. ನಮ್ಮೂರಲ್ಲಿ ಸಂಜೆಯೊಳಗೆ ತನಿಖೆ ಶುರುವಾಯಿತು. ಯಾವ ಶ್ರುತಿ? ಯಾರ ಮನೆ ಕಿರಣ? ಛತ್ರ ಯಾವುದು? ಊಟಕ್ಕೆ ಹೋದವರು ಯಾರೂ ಇಲ್ಲವಲ್ಲ! ಮೂರನೆಯ ದಿನ ಒಬ್ಬರು ಅಂಗಡಿಗೇ ಬಂದು ದನಿ ತಗ್ಗಿಸಿ, "ಓಡಿಹೋದೋರಿಗೂ ನೀವು ಕಾರ್ಡ್ ಹೊಡೆದುಕೊಡ್ತೀರಂತೆ?" ಎಂದು ವಿಚಾರಿಸಿದರು. ಅವರ ಮನೆಯಲ್ಲೂ ಒಬ್ಬ ಕಿರಣನಿದ್ದ.

ಮೂರನೆಯದು ಲಿಂಕ್ಡ್‌ಇನ್. 2003ರಿಂದ ನಡೆಯುತ್ತಿರುವ ಉದ್ಯೋಗಸ್ಥರ ಸಂತೆ ಅದು. ಅಲ್ಲಿ ಪೋಸ್ಟಿನ ಮೊದಲ ಕೆಲವು ಸಾಲು ಮಾತ್ರ ಕಾಣುತ್ತವೆ. ಮಿಕ್ಕಿದ್ದನ್ನು ಒತ್ತಿ ತೆರೆಯಬೇಕು. ಹಾಗಾಗಿ ಮೊದಲ ಸಾಲೇ ಗಾಳವಾಗಬೇಕು ಎಂದ ಹುಡುಗ. ಯಂತ್ರ ಗಾಳ ಎಸೆಯಿತು:

"ನಾನು ಸೋತಿದ್ದೆ.

ಪೂರ್ತಿ ಸೋತಿದ್ದೆ.

ಆ ರಾತ್ರಿ ಅಪ್ಪ ಹೇಳಿದ ಒಂದು ಮಾತು ನನ್ನ ಬದುಕನ್ನೇ ಬದಲಿಸಿತು."

ಸಾಲಿಗೊಂದು ವಾಕ್ಯ, ನಡುವೆ ಬಯಲು. ಕಾಗದದ ಬೆಲೆ ಬಲ್ಲ ಯಾವ ಪ್ರೆಸ್ಸಿನವನೂ ಹೀಗೆ ಜಾಗ ಚೆಲ್ಲುವುದಿಲ್ಲ. ಇನ್ನು, ರಾತ್ರಿ ಹೊತ್ತು ಅಪ್ಪ ನನಗೆ ಹೇಳುತ್ತಿದ್ದ ಮಾತು ಒಂದೇ: "ಲೈಟ್ ಆರಿಸಿದ್ಯೇನೋ?" ಆದರೂ ಪೋಸ್ಟಿಗೆ ಮೂವರು ಮಾರುಹೋಗಿ ಸಂದೇಶ ಕಳಿಸಿದರು. ಮೂವರೂ ಪೋಸ್ಟ್ ಬರೆಯುವುದು ಹೇಗೆಂದು ಕಲಿಸುವವರು. ಕ್ಲೈಂಟ್ ಆಗಬೇಕಾದವನು ನಾನು!

ಕಲ್ಪನೆ ಸಾಕು, ನಮ್ಮ ಅಸಲಿ ಕೆಲಸವನ್ನೇ ತೋರಿಸೋಣವೆಂದು ಹಳೆಯ ಕಾರ್ಡುಗಳ ಮ್ಯಾಟರ್ ಅಂಟಿಸಿದೆ. ಅದೆಲ್ಲ "ನುಡಿ" ತಂತ್ರಾಂಶದ ಹಳೆಯ ಫಾಂಟಿನದು, ಯೂನಿಕೋಡ್ ಅಲ್ಲ. ಅಂಥದ್ದನ್ನು ಬೇರೆ ಕಡೆ ಅಂಟಿಸಿದರೆ ಕನ್ನಡ ಮಾಯವಾಗಿ ಕೊಂಬು ಮೂಡಿದ ಇಂಗ್ಲಿಷ್ ಅಕ್ಷರಗಳು ಉಳಿಯುತ್ತವೆ. "ಕನ್ನಡ" ಎಂಬ ಪದದ ಹೊಟ್ಟೆಯೊಳಗೇ ಬ್ರಿಟಿಷರ ಪೌಂಡ್ ಗುರುತು ಎದ್ದು ಕೂರುತ್ತದೆ. ಯಂತ್ರ ವಿನಯದಿಂದ ಕೇಳಿತು: "ನಿಮ್ಮ ವಿದೇಶಿ ಗ್ರಾಹಕರಿಗಾಗಿ ದರಪಟ್ಟಿ ಸಿದ್ಧಪಡಿಸಲೇ?"

ಬೇಸತ್ತು ಫೋನು ಮಗುಚಿಟ್ಟೆ. ಮೇಜಿನ ಮೇಲೊಂದು ಹಳೆಯ ಕಾರ್ಡ್ ಬಿದ್ದಿತ್ತು. ಮೇಲಿನಿಂದ ಕೆಳಗಿನವರೆಗೆ ಎಲ್ಲ ಕಾರ್ಡಿನಲ್ಲೂ ಇರುವುದೇ. ಕೆಳಗೆ ಮೂಲೆಯಲ್ಲಿ ಮಾತ್ರ ಮಕ್ಕಳ ಹೆಸರಿನಲ್ಲಿ ಒಂದು ಸಾಲು: "ನಮ್ ಚಿಕ್ಕಪ್ಪನ ಮದುವೆಗೆ ತಪ್ಪದೇ ಬನ್ನಿ." ಇಡೀ ಕಾರ್ಡಿನಲ್ಲಿ ಬಾಯಿಬಿಟ್ಟು ಮಾತಾಡುವ ಸಾಲು ಅದೊಂದೇ.

ಫೋನು ತಿರುಗಿಸಿ, ಈ ಸಲ ತಜ್ಞ-ಗಿಜ್ಞ ಎನ್ನದೆ ನನಗೆ ಗೊತ್ತಿದ್ದದ್ದನ್ನು ಟೈಪ್ ಮಾಡಿದೆ. "ಕಾರ್ಡ್ ಮಷೀನಿಗೆ ಹೋಗುವ ಮುಂಚೆ ತಾರೀಕು, ವಾರ ಎರಡನ್ನೂ ಕ್ಯಾಲೆಂಡರ್ ನೋಡಿ ತಾಳೆ ಮಾಡುತ್ತೇವೆ. ಹೋದ ವರ್ಷ ಭಾನುವಾರದ ಧಾರೆಯೊಂದು ಸೋಮವಾರಕ್ಕೆ ಹೋಗುವುದು ತಪ್ಪಿತು. ಬಿಟ್ಟುಹೋದ ಸೋದರಮಾವನ ಹೆಸರು ನೆನಪಿಸುವುದಕ್ಕೆ ದುಡ್ಡಿಲ್ಲ. 50 ಕಾರ್ಡಾದರೂ ಹೊಡೆದುಕೊಡುತ್ತೇವೆ." ಕೆಳಗೆ ಪ್ರಾಂಪ್ಟ್: "ಅಕ್ಷರ ತಪ್ಪಿದ್ದರೆ ತಿದ್ದು. ನಿನ್ನದೇನೂ ಸೇರಿಸಬೇಡ. ರಾಕೆಟ್ ಬೇಡ." ಅದು ಎರಡು ಒತ್ತಕ್ಷರ ತಿದ್ದಿ, ಬಾಯಿ ಮುಚ್ಚಿಕೊಂಡು ವಾಪಸ್ ಕೊಟ್ಟಿತು. ಅಂಗಡಿಯ ಹೆಸರನ್ನು ನಾನೇ ಬರೆದು, ಎರಡು ಸಲ ಓದಿ ಹಾಕಿದೆ.

ವಾರದೊಳಗೆ ಮೂರು ಮನೆಯವರು ಬಂದರು. ಮೂವರೂ ಗಿರಾಕಿಗಳೇ, ಸ್ಟೂಲಿನ ಮೇಲೇ ಕೂತರು. ಸೋದರಮಾವಂದಿರ ಪಟ್ಟಿಯನ್ನು ಕೇಳುವ ಮೊದಲೇ ಕೊಟ್ಟರು. ಪ್ರಾಂಪ್ಟರ್ ಅಂದರೆ ಪುಸ್ತಕ ಕೈಯಲ್ಲಿರಬೇಕು. ನಾಟಕವೇ ಗೊತ್ತಿಲ್ಲದವನು ಮರೆಯಲ್ಲಿ ನಿಂತು ಏನು ಪಿಸುಗುಟ್ಟಿದರೂ ವೇದಿಕೆಯ ಮೇಲೆ ಭೀಮನ ಬಾಯಲ್ಲಿ ದುರ್ಯೋಧನನ ಮಾತು ಬರುತ್ತದೆ.

ನಿಮ್ಮ ಮನೆಯಲ್ಲೂ ಶ್ರಾವಣಕ್ಕೆ ಮದುವೆ ಇದ್ದರೆ ಬನ್ನಿ. ಬರುವಾಗ ವಾರವನ್ನೊಮ್ಮೆ ಕ್ಯಾಲೆಂಡರಿನಲ್ಲಿ ನೋಡಿಕೊಂಡು ಬನ್ನಿ. ಆ ಮೂರು ಮನೆಯವರಲ್ಲಿ ಮೊದಲನೆಯವರು ತಂದ ಚೀಟಿಯಲ್ಲೇ ವಾರ ತಪ್ಪಿತ್ತು.