ಯಾರ ಲಗ್ನರೀ?

ಹೋಳಿ ಹಬ್ಬಕ್ಕೆ ಇನ್ನೂ ಒಂದು ವಾರವಿತ್ತು. ರವಿವಾರ ಮುಂಜಾನೆ ಮಗನ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಬೆಳಗಾವಿಯ ಅನಗೋಳದ ಮನೆಯಿಂದ ಹೊರಬಿದ್ದೆ. ಓಣಿ ದಾಟುವಷ್ಟರಲ್ಲಿ ಮೂವರು ಕೇಳಿದರು, "ಯಾರ ಲಗ್ನರೀ?"

ಮೊದಲು ವ್ಯಾಕ್ಸಿನ್ ಡಿಪೋ ಮೈದಾನ. ಹಳೇ ಮರಗಳ ಕೆಳಗೆ ಅರ್ಧ ಟಿಳಕವಾಡಿಯೇ ವಾಕಿಂಗ್ ಮಾಡುತ್ತಿತ್ತು. ನಾನು ಹೂವಿನ ಕೊಂಬೆಗೆ ಗುರಿಯಿಟ್ಟರೆ, ಬಿಳಿ ಬೂಟಿನ ಕಾಕಾ ಒಬ್ಬರು ಹೊಟ್ಟೆ ಒಳಗೆಳೆದುಕೊಂಡು ಅಡ್ಡ ನಿಂತೇಬಿಟ್ಟರು. ಹೂವಿಗಿಂತ ಅವರೇ ಚಂದ ಬಂದರು. ಅಳಿಸಲು ಮನಸ್ಸಾಗಲಿಲ್ಲ.

ಮುಂದೆ ಸ್ಕೂಟರಿನಲ್ಲಿ ಖಾನಾಪುರದ ದಾರಿ, ಸುಮಾರು 25 ಕಿಲೋಮೀಟರು. ಹೊಲದ ಬದುವಿನಲ್ಲಿ ಮುತ್ತುಗ ನಿಂತಿತ್ತು. ಮೈಮೇಲೆ ಒಂದೆಲೆ ಇಲ್ಲ, ಮಖಮಲ್ಲಿನಂಥ ಕಪ್ಪು ತೊಟ್ಟಿನಿಂದ ಗಿಳಿಮೂಗಿನ ಹಾಗೆ ಬಾಗಿದ ಕೇಸರಿ ಹೂ ಮಾತ್ರ. ವಾಸನೆ ಇಲ್ಲದಿದ್ದರೇನು, ಮೈನಾಗಳ ಗದ್ದಲ ನೋಡಬೇಕು! ಮಕರಂದ ಕುಡಿದು ಧಾಬಾದ ಗಿರಾಕಿಗಳಂತೆ ಜಗಳಾಡುತ್ತಿದ್ದವು. 200 ಫೋಟೋ ಹೊಡೆದೆ. 190ರಲ್ಲಿ ಮೈನಾದ ಬಾಲವಷ್ಟೇ ಬಿದ್ದಿತ್ತು.

ಉಳಿದ ಹತ್ತನ್ನು ಅವ್ವನಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿದಳು.

"ಅಷ್ಟ್ ದೂರ ಹೋಗಿ ಬರಿಗೈಲೆ ಬಂದಿಯಲ್ಲೋ! ನಾಕ್ ಬೊಗಸಿ ಹೂವಾ ಆರಿಸ್ಕೊಂಡ್ ಬಂದಿದ್ರ ಕುದಿಸಿ ಓಕುಳಿ ಬಣ್ಣಾನರ ಮಾಡತಿದ್ವಿ."