ಸ್ಟೇಜ್ ಒನ್

ಹೋದ ವರ್ಷ ಯುಗಾದಿ ಮುಗಿದ ಮರುವಾರ ಮನೆಗೆ ಬಂದ ಅಕ್ಕನ ಮಗ, ಕಾಫಿ ಲೋಟ ಕೆಳಗಿಡುವ ಮೊದಲೇ ಹೇಳಿದ: "ಮಾಮ, ನನ್ನ ಗಾಡಿ ಸರಿಯಾಗಿ ಉಸಿರಾಡ್ತಿಲ್ಲ."

ನನಗೆ ಗಾಬರಿಯಾಯಿತು. 2019ರ ಸ್ವಿಫ್ಟ್. ಐವತ್ತು ಸಾವಿರ ಕಿಲೋಮೀಟರ್ ಕೂಡ ಓಡಿಲ್ಲ, ಒಂದು ಸರ್ವಿಸ್ ತಪ್ಪಿಸಿಲ್ಲ. ಚಾವಿ ತಿರುಗಿಸಿದರೆ ಪಕ್ಕದಲ್ಲಿ ಕೂತವರಿಗೂ ಸ್ಟಾರ್ಟ್ ಆಗಿದ್ದು ಗೊತ್ತಾಗುವುದಿಲ್ಲ. ಅದನ್ನೇ ಹೇಳಿದೆ. "ಅದೇ ಮಾಮ ಪ್ರಾಬ್ಲಮ್ಮು" ಎಂದ.

ಆಮೇಲೆ ರೋಗ ವಿವರಿಸಿದ. ಇಂಜಿನ್ ಅಂದರೆ ಗಾಳಿ ಎಳೆದು ಗಾಳಿ ಬಿಡುವ ಪಂಪು. ಕಂಪನಿಯವರು ಅದರ ಮೂಗಿಗೆ ಕಾಗದದ ಫಿಲ್ಟರ್ ತುರುಕಿ, ಹಿಂದುಗಡೆ ಡಬ್ಬದಂಥ ಸೈಲೆನ್ಸರ್ ಕಟ್ಟಿಬಿಟ್ಟಿದ್ದಾರೆ. ಮೂಗು ಬಿಡಿಸಿ ಹಿಂದೆ ಸಡಿಲ ಮಾಡಿದರೆ ಒಳಗೆ ತೂಕಡಿಸುತ್ತಿರುವ ಕುದುರೆಗಳೆಲ್ಲ ಎದ್ದು ನಿಲ್ಲುತ್ತವೆ. ಈ ಚಿಕಿತ್ಸೆಗೆ 'ಸ್ಟೇಜ್ ಒನ್' ಎಂದು ಹೆಸರು. ನಮ್ಮ ಕಾಲದಲ್ಲಿ ಸ್ಟೇಜ್ ಅಂದರೆ ಬಿಟಿಎಸ್ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಹರಿಯುವ ಲೆಕ್ಕ, ಸ್ಟೇಜಿಗೆ ಇಷ್ಟು ಪೈಸೆ ಅಂತ. ಈಗಲೂ ಲೆಕ್ಕ ಅದೇ. ಪೈಸೆಯ ಜಾಗಕ್ಕೆ ಸಾವಿರ ಬಂದಿದೆ.

ಮದುವೆ ಗಂಡಿಗೆ ಚಿಕ್ಕಪೇಟೆ ಹೇಗೋ, ಬೆಂಗಳೂರಿನ ಕಾರುಗಳಿಗೆ ಜೆ.ಸಿ. ರೋಡ್ ಹಾಗೆ. ಹೋದೆವು. ಅಂಗಡಿಯವನು ಗಾಜಿನ ಪೆಟ್ಟಿಗೆಯಿಂದ ಕೆಂಪು ಕೋನ್ ಫಿಲ್ಟರೊಂದನ್ನು ಉತ್ಸವಮೂರ್ತಿಯ ಹಾಗೆ ಎರಡೂ ಕೈಯಲ್ಲಿ ಎತ್ತಿ ತಂದ. ಆರೂವರೆ ಸಾವಿರ.

"ಐದು ಹಾರ್ಸ್ ಪವರ್ ಗ್ಯಾರಂಟಿ ಸಾರ್."

"ಎಲ್ಲಿ ಅಳೆದಿದ್ದೀರಪ್ಪಾ?"

ನನ್ನನ್ನು ಮೇಲಿಂದ ಕೆಳಗೆ ನೋಡಿದ. ಅವನ ಕಣ್ಣಿನಲ್ಲಿ ನಾನು ಸಾರ್‌ನಿಂದ ಅಂಕಲ್‌ಗೆ ಇಳಿದಿದ್ದೆ. "ಫೀಲ್ ಆಗುತ್ತೆ ಅಂಕಲ್."

ಹಾರ್ಸ್ ಪವರ್ ಅಳೆಯುವುದಕ್ಕೆ ಡೈನೊ ಎಂಬ ಯಂತ್ರವಿದೆ. ರೋಲರುಗಳ ಮೇಲೆ ಕಾರು ನಿಲ್ಲಿಸಿ ಓಡಿಸುತ್ತಾರೆ. ಒಂದೇ ಕಾರನ್ನು ಬೆಳಿಗ್ಗೆ ತಂಪಿನಲ್ಲಿ ಒಮ್ಮೆ, ಇಂಜಿನ್ ಕಾದ ಮೇಲೆ ಇನ್ನೊಮ್ಮೆ ಹತ್ತಿಸಿದರೆ ಲೆಕ್ಕದಲ್ಲಿ ಒಂದೆರಡು ಕುದುರೆ ಹೆಚ್ಚುಕಮ್ಮಿ ಆಗುತ್ತವೆ. ಟರ್ಬೊ ಇಲ್ಲದ 1,197 ಸಿ.ಸಿ.ಯ ಪುಟ್ಟ ಇಂಜಿನ್ನಿಗೆ ಬರೀ ಫಿಲ್ಟರ್ ಬದಲಾಯಿಸಿದರೆ ಬರುವ ಲಾಭ, ಬಂದರೆ, ಆ ಹೆಚ್ಚುಕಮ್ಮಿಯೊಳಗೇ ಮುಚ್ಚಿಹೋಗುತ್ತದೆ. ಅದಕ್ಕೇ ಈ ರಸ್ತೆಯಲ್ಲಿ ಡೈನೊ ಬೇಡ. 'ಫೀಲ್' ಸಾಕು.

ಇನ್ನು ಕೆಂಪು ಕೋನ್ ಕೂರಿಸಲು ಅಂಗಡಿಯವನು ಬಿಚ್ಚಿ ಪಕ್ಕಕ್ಕೆ ಎಸೆದ, ಕಾಗದದ ಫಿಲ್ಟರ್ ಇದ್ದ ಕರಿ ಪ್ಲಾಸ್ಟಿಕ್ ಡಬ್ಬದ ಕತೆ. ನೋಡಲು ದರಿದ್ರವಾಗಿದೆ, ಒಪ್ಪಿದೆ. ಆದರೆ ಅದರ ಸೊಂಡಿಲು ಎಲ್ಲಿಗೆ ಹೋಗುತ್ತದೆ ನೋಡಿ: ಮುಂದಿನ ಗ್ರಿಲ್ ಕಡೆಗೆ, ಹೊರಗಿನ ತಂಪು ಗಾಳಿಗೆ. ಹೊಸ ಕೆಂಪು ಕೋನ್ ಕೂತಿರುವುದು ಬಾನೆಟ್ಟಿನ ಒಳಗೆ, ಕುದಿಯುವ ಇಂಜಿನ್ನಿನ ಪಕ್ಕಕ್ಕೆ. ಹೊರಗೆ 30 ಡಿಗ್ರಿ ಇದ್ದು ಸಿಗ್ನಲ್ಲಿನಲ್ಲಿ ನಿಂತ ಕಾರಿನ ಬಾನೆಟ್ಟಿನೊಳಗೆ 60 ಡಿಗ್ರಿ ಆಯಿತೆನ್ನಿ, ಗಾಳಿಯ ಸಾಂದ್ರತೆ ಸುಮಾರು ಶೇ. 9ರಷ್ಟು ಇಳಿಯುತ್ತದೆ. ಆಮ್ಲಜನಕವೂ ಅಷ್ಟೇ ಕಮ್ಮಿ. ಮೂಗು ಬಿಡಿಸಿದ್ದು ನಿಜ, ಬಿಡಿಸಿ ಒಲೆಯ ಮುಂದೆ ಕೂರಿಸಿದ್ದೂ ನಿಜ. ಆ ಡಬ್ಬದೊಳಗೆ ಗಾಳಿ ಎಳೆಯುವಾಗ ಬರುವ ಗುರುಗುಟ್ಟುವ ಸದ್ದನ್ನು ನುಂಗುವ ಏರ್ಪಾಟೂ ಇತ್ತು. ಅದು ಹೋದದ್ದೇ ಆಕ್ಸಿಲರೇಟರ್ ಒತ್ತಿದಾಗೆಲ್ಲ 'ಭರ್ರ್' ಎನ್ನತೊಡಗಿತು. ಅಂಗಡಿಯವನು ಹೇಳಿದ ಫೀಲ್ ಇದೇ. ಕಾಲಿಗೆ ಆಗಬೇಕಾದ್ದು ಕಿವಿಗೆ ಆಯಿತು.

ಬಿಸಿಗಾಳಿ ಬೇಡ ಎಂದವರಿಗೆ 'ಕೋಲ್ಡ್ ಏರ್' ಎಂಬ ಇನ್ನೊಂದು ಪೈಪಿದೆ. ಫಿಲ್ಟರನ್ನು ಬಂಪರಿನ ತಳದವರೆಗೆ ಇಳಿಬಿಡುತ್ತದೆ. ಥಿಯರಿಯಲ್ಲಿ ತಪ್ಪಿಲ್ಲ. 2022ರ ಸೆಪ್ಟೆಂಬರಿನಲ್ಲಿ ಮಳೆನೀರು ತುಂಬಿದ ಔಟರ್ ರಿಂಗ್ ರಸ್ತೆಯಲ್ಲಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದವರಿಗೆ ಮಾತ್ರ ಈ ಥಿಯರಿ ಹೇಳಬೇಡಿ. ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ. ಎರಡು ಲೋಟ ನೀರು ಸಿಲಿಂಡರಿಗೆ ಹೋದರೆ ಮೇಲೇರುವ ಪಿಸ್ಟನ್ ಅದಕ್ಕೆ ಗುದ್ದಿ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಇಂಜಿನ್ ಇಳಿಸಬೇಕು.

ಇದೆಲ್ಲಕ್ಕಿಂತ ದೊಡ್ಡ ತಮಾಷೆ ಥ್ರಾಟಲ್ಲಿನದು. ಫಿಲ್ಟರಿಗೂ ಇಂಜಿನ್ನಿಗೂ ನಡುವೆ ಒಂದು ತಟ್ಟೆಯಂಥ ಬಾಗಿಲಿದೆ, ನಿಮ್ಮ ಕಾಲು ಒತ್ತಿದಷ್ಟು ಅದು ತೆರೆಯುತ್ತದೆ. ಟಾಮ್‌ಟಾಮ್ ಸಂಸ್ಥೆಯ 2024ರ ಟ್ರಾಫಿಕ್ ಪಟ್ಟಿಯ ಪ್ರಕಾರ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 34 ನಿಮಿಷ 10 ಸೆಕೆಂಡ್ ಬೇಕಿತ್ತು. ಭಾಗಾಕಾರ ಮಾಡಿದರೆ ಗಂಟೆಗೆ ಹದಿನೆಂಟು ಕಿಲೋಮೀಟರ್ ಕೂಡ ಇಲ್ಲ. ಈ ಓಟಕ್ಕೆ ಥ್ರಾಟಲ್ ಎಷ್ಟು ತೆರೆದೀತು? ಬಾಗಿಲಿಗೆ ಚೈನ್ ಹಾಕಿಕೊಂಡು ಪೋಸ್ಟ್‌ಮನ್ ಜೊತೆ ಮಾತಾಡುವಷ್ಟು. ಇಂಜಿನ್ನಿನ ಉಸಿರು ಕಟ್ಟಿಸಿರುವುದು ಕಾಗದದ ಫಿಲ್ಟರ್ ಅಲ್ಲ, ಸಿಲ್ಕ್ ಬೋರ್ಡ್ ಟ್ರಾಫಿಕ್. ಒಳಬಾಗಿಲು ಹಾಕಿಕೊಂಡು ಹೊರಗಿನ ಗೇಟನ್ನು ಅಗಲ ಮಾಡಿಸಿದರೆ ನೆಂಟರು ಹೆಚ್ಚು ಬರುತ್ತಾರೆಯೇ?

ನ್ಯಾಯವಾಗಿ ಒಂದು ಮಾತು. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈಯಲ್ಲೋ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಯಲ್ಲೋ ಥ್ರಾಟಲ್ ಪೂರ್ತಿ ಒತ್ತಿ ಆರು ಸಾವಿರ ಆರ್‌ಪಿಎಂನಲ್ಲಿ ಓಡಿಸುವವರಿಗೆ, ಹೆಡರ್, ಪೈಪು, ಇಂಜಿನ್ನಿನ ಕಂಪ್ಯೂಟರಾದ ಇಸಿಯುವಿನ ಟ್ಯೂನಿಂಗ್ ಎಲ್ಲ ಸೇರಿಸಿ ಮಾಡಿಸಿದರೆ ಇದು ಕೆಲಸಕ್ಕೆ ಬರುತ್ತದೆ. ಟರ್ಬೊ ಇಂಜಿನ್ನುಗಳಿಗಂತೂ ಚೆನ್ನಾಗಿಯೇ ಬರುತ್ತದೆ. ನಮ್ಮವನು ಓಡಾಡುವುದು ಬನಶಂಕರಿಯಿಂದ ಬೆಳ್ಳಂದೂರಿಗೆ.

ಮೂಗಿನ ಕೆಲಸ ಮುಗಿದ ಮೇಲೆ ಹಿಂಬದಿ. 'ಫ್ರೀ ಫ್ಲೋ' ಎಕ್ಸಾಸ್ಟ್, ಮೂವತ್ತೆರಡು ಸಾವಿರ. ಫ್ರೀ ಅನ್ನುವುದು ಹೊಗೆಗೆ ಮಾತ್ರ. ಕೊನೆಯ ಬಾಯಿ ನಾಗಸ್ವರದಷ್ಟು ಅಗಲ, ಮಿರಿಮಿರಿ ಸ್ಟೀಲು. ಬಗ್ಗಿ ಒಳಗೆ ಕೈ ಹಾಕಿ ನೋಡಿದೆ: ನಾಲ್ಕು ಬೆರಳು ಹೋದ ಮೇಲೆ ಸಿಕ್ಕಿದ್ದು ನಮ್ಮ ಮನೆಯ ಸಿಂಕಿನ ಪೈಪಿನಷ್ಟು ಸಣ್ಣ ಕೊಳವೆ. ಹಾಗೆ ಸಣ್ಣಗಿದ್ದದ್ದೇ ಪುಣ್ಯ. ಗಿಡಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಬೆರಳಿಟ್ಟರೆ ನೀರು ಕಾಂಪೌಂಡಿನವರೆಗೆ ಚಿಮ್ಮುತ್ತದೆ, ಬೆರಳು ತೆಗೆದರೆ ಕಾಲ ಮೇಲೆ ಸುರಿಯುತ್ತದೆ. ಹೊಗೆಯೂ ಹಾಗೇ. ವೇಗವಾಗಿ ಹೊರಟ ಒಂದು ಕಂತು ಹಿಂದಿನ ಕಂತನ್ನೂ ಎಳೆದುಕೊಂಡು ಹೋಗುತ್ತದೆ. ಪೈಪನ್ನು ಸಿಕ್ಕಾಪಟ್ಟೆ ಅಗಲ ಮಾಡಿದರೆ ವೇಗ ಕುಸಿದು, ಟ್ರಾಫಿಕ್ಕಿನಲ್ಲಿ ದಿನವೂ ಬೇಕಾದ ಕೆಳ ಆರ್‌ಪಿಎಂನ ಎಳೆತವೇ ಕಮ್ಮಿಯಾಗುತ್ತದೆ.

"ಕ್ಯಾಟ್ ಕೂಡ ತೆಗೆದುಬಿಡ್ಲಾ? ಅದು ಸುಮ್ನೆ ಅಡ್ಡ" ಎಂದ ಅಂಗಡಿಯವನು. ಕ್ಯಾಟ್ ಅಂದರೆ ಕೆಟಲಿಟಿಕ್ ಕನ್ವರ್ಟರ್. ವಿಷದ ಹೊಗೆಯನ್ನು ಅಷ್ಟಿಷ್ಟು ಶುದ್ಧ ಮಾಡುವ ಭಾಗ, ಒಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪವಿರುತ್ತದೆ. ತೆಗೆದರೆ ಚೆಕ್ ಇಂಜಿನ್ ದೀಪ ಹತ್ತುವುದಿಲ್ಲವೇ ಎಂದೆ. ಹತ್ತುತ್ತದೆ, ಅದಕ್ಕೆ ಸೆನ್ಸರನ್ನು ಬೆರಳುದ್ದ ಹಿಂದಕ್ಕೆ ಸರಿಸುವ ಪುಟ್ಟ ಬುಷ್ ಇದೆ, ಸೆನ್ಸರಿಗೆ ಗೊತ್ತೇ ಆಗುವುದಿಲ್ಲ ಎಂದ. ಹಳೇ ಕ್ಯಾಟನ್ನು ತಾನೇ ಇಟ್ಟುಕೊಂಡು ನಮಗೆ ಭಾರ ಇಳಿಸುವ ಉಪಕಾರವನ್ನೂ ಮಾಡುವವನಿದ್ದ. ಪ್ಲಾಟಿನಂ ಭಾರ ನಮಗೇ ಇರಲಿ ಎಂದೆ. ಹಳೇ ಸೈಲೆನ್ಸರಿಗೆ ಮಾತ್ರ ಗುಜರಿ ರೇಟಿನಲ್ಲಿ ನಾನೂರು ರೂಪಾಯಿ ಕೊಟ್ಟ. ಅದರ ತಳದಲ್ಲಿ ಅರ್ಧಚಂದ್ರದ ಹಾಗೆ ಒಂದು ನೆಗ್ಗು. ನಮ್ಮ ರಸ್ತೆಯ ಹಂಪಿನ ಮೇಲೆ ನಾನೇ ಒಮ್ಮೆ ಓಡಿಸುವಾಗ ಬಿದ್ದದ್ದು.

ಕಾನೂನಿನ ಲೆಕ್ಕ ಬೇರೆಯಿದೆ. ಕಂಪನಿ ಕೊಟ್ಟ ಸ್ವರೂಪಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಮೋಟಾರು ವಾಹನ ಕಾಯ್ದೆಯ ಕಲಂ 182ಎ ಪ್ರಕಾರ ಒಂದೊಂದು ಮಾರ್ಪಾಟಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಸದ್ದು, ಹೊಗೆಗೆ ಕಲಂ 190ರಡಿ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳು ಲೈಸೆನ್ಸ್ ರದ್ದು. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಬೈಕುಗಳ ಸೈಲೆನ್ಸರ್ ಕಿತ್ತು ಸಾಲಾಗಿ ಮಲಗಿಸಿ ಮೇಲೆ ರೋಡ್ ರೋಲರ್ ಹತ್ತಿಸುತ್ತಾರೆ. ಟಾರು ಹಾಕುವುದಕ್ಕೆ ಸಿಗದ ರೋಲರ್ ಇದಕ್ಕೆ ಸಮಯಕ್ಕೆ ಸರಿಯಾಗಿ ಬರುವುದು ಹೇಗೋ!

ಇಷ್ಟೆಲ್ಲ ಆಗಿ ಎರಡು ಕುದುರೆ ಹೆಚ್ಚಾದವು ಅಂತಲೇ ಇಟ್ಟುಕೊಳ್ಳೋಣ. ಗಾಡಿಯ ತೂಕ ಸುಮಾರು 880 ಕೆ.ಜಿ., ಮೇಲೆ ಇವನೊಬ್ಬ 70, ಶಕ್ತಿ 83 ಕುದುರೆ. ಒಂದು ಕುದುರೆಯ ಪಾಲಿಗೆ ಹನ್ನೊಂದೂವರೆ ಕೆ.ಜಿ. ಎರಡು ಕುದುರೆಗೆ ಇಪ್ಪತ್ತಮೂರು. ಅಕ್ಕ ಅವನ ಕೈಲಿ ತರಿಸಿದ 25 ಕೆ.ಜಿ. ಸೋನಾ ಮಸೂರಿ ಮೂಟೆ ಎರಡು ವಾರದಿಂದ ಡಿಕ್ಕಿಯಲ್ಲೇ ಇತ್ತು. ಅದನ್ನು ಅಡುಗೆಮನೆಗೆ ಎತ್ತಿಟ್ಟಿದ್ದರೆ ಸ್ಟೇಜ್ ಒನ್ ಬಿಟ್ಟಿ ಆಗುತ್ತಿತ್ತು. ಆದರೆ ಮೂಟೆ ಇಳಿಸಿದರೆ ಸದ್ದು ಬರುವುದಿಲ್ಲವಲ್ಲ. ಅವನಿಗೆ ಬೇಕಿದ್ದದ್ದು ಅದೇ. ಹೊರಡುವಾಗ ಅಂಗಡಿಯವನು ಪ್ರೀತಿಯಿಂದ ಸೈಲೆನ್ಸರ್ ಬಾಯಿಗೆ ಹೆಬ್ಬೆರಳಿನಷ್ಟು ಅಲ್ಯೂಮಿನಿಯಂ ಪೀಪಿಯೊಂದನ್ನು ಸಿಕ್ಕಿಸಿ ಕಳಿಸಿದ. ಟರ್ಬೊ ವಿಸಿಲ್. ಹೊಗೆ ನುಗ್ಗಿದಾಗ ಟರ್ಬೊ ಇರುವ ಗಾಡಿಯ ಹಾಗೆ ಸಿಳ್ಳೆ ಹೊಡೆಯುತ್ತದೆ. ಟರ್ಬೊ ಇಲ್ಲ. ಜಾತ್ರೆಯಲ್ಲಿ ಐದು ರೂಪಾಯಿಗೆ ಕೊಡಿಸದೆ ಅಳಿಸಿದ ಪೀಪಿಯ ಋಣ ಹೀಗೆ ತೀರಿತು.

ಐದು ತಿಂಗಳು ಹೀಗೇ ನಡೆಯಿತು. ಅಪಾರ್ಟ್‌ಮೆಂಟಿನಲ್ಲಿ ಮೂರನೇ ಮಹಡಿಯ ಕೂಸು ರಾತ್ರಿ ಹನ್ನೊಂದಕ್ಕೆ ಸರಿಯಾಗಿ ಎಚ್ಚರಾಗುತ್ತಿತ್ತು. ಮೈಲೇಜ್ ಇಳಿಯಿತು, ಯಾಕೆಂದರೆ ಸದ್ದು ಕೇಳುವ ಆಸೆಗೆ ಕಾಲು ಒತ್ತುತ್ತಲೇ ಇರಬೇಕು. ಆದ ಒಂದೇ ಲಾಭ ವಾಚ್‌ಮನ್‌ನದು. ಎರಡು ಕ್ರಾಸ್ ಆಚೆ ಗುಡುಗು ಕೇಳಿದ ಕೂಡಲೇ ಅವನು ಎದ್ದು ಗೇಟು ತೆಗೆದು ನಿಲ್ಲುತ್ತಿದ್ದ. ಆಮೇಲೊಂದು ದಿನ ಟ್ರಾಫಿಕ್ ಪೊಲೀಸರು ಕೈ ಅಡ್ಡ ಹಾಕಿದರು. ಅಳಿಯನ ಉತ್ಸಾಹ ರಸೀದಿಯ ಉದ್ದಕ್ಕೆ ತಕ್ಕಂತೆ ಇಳಿಯಿತು.

ಮತ್ತೆ ಜೆ.ಸಿ. ರೋಡ್. ಅದೇ ಅಂಗಡಿ.

"ಒರಿಜಿನಲ್ ಸೈಲೆನ್ಸರ್ ಬೇಕಾ ಸಾರ್? ಕಂಪನಿ ಫಿಟಿಂಗು. ಇದು ಹಾಕಿದ್ರೆ ಪಿಕಪ್ಪು, ಮೈಲೇಜು ಎರಡೂ ಬರುತ್ತೆ. ನಿಮಗಾಗಿ ನಾಲ್ಕೂವರೆ ಸಾವಿರ."

ತಂದಿಟ್ಟ. ತಿರುಗಿಸಿ ನೋಡಿದೆ. ತಳದಲ್ಲಿ ಅರ್ಧಚಂದ್ರದ ನೆಗ್ಗು.

"ಇದು ನಮ್ದೇ ಅಲ್ವೇನಪ್ಪಾ?"

"ಅದಕ್ಕೇ ಅಂಕಲ್, ಫಿಟಿಂಗ್ ಕರೆಕ್ಟಾಗಿ ಕೂರುತ್ತೆ."

ಕರೆಕ್ಟಾಗಿಯೇ ಕೂತಿತು. ರಾತ್ರಿ ಅಪಾರ್ಟ್‌ಮೆಂಟಿಗೆ ಬಂದಾಗ ಗೇಟು ಹಾಕಿತ್ತು, ವಾಚ್‌ಮನ್ ಕುರ್ಚಿಯಲ್ಲಿ ನಿದ್ದೆ. ಎರಡು ನಿಮಿಷ ಕಾದೆವು. ಕಂಪನಿ ಹಾರ್ನ್ ಎರಡು ಸಲ ಕುಯ್ ಎಂದಿತು. ಅವನು ಮಿಸುಕಲಿಲ್ಲ. ಅಳಿಯ ಸ್ಟೀರಿಂಗ್ ಮೇಲೆ ಗಲ್ಲವೂರಿ ಸ್ವಲ್ಪ ಹೊತ್ತು ಯೋಚಿಸಿದ.

"ಮಾಮ, ಅದೇ ಅಂಗಡೀಲಿ ಒಂದು ಹಾರ್ನ್ ನೋಡಿದೆ."