ಕೋರ್ಟಿಗೆ ಹೋಗದ ವಕೀಲರು

ಬುಟೀಕ್ ಆರ್ಬಿಟ್ರೇಷನ್ ವಕೀಲರು, ಅಂದರೆ ಕೋರ್ಟಿನ ಹೊರಗೆ ಖಾಸಗಿ ತೀರ್ಪುಗಾರರ (ಆರ್ಬಿಟ್ರೇಟರ್) ಮುಂದೆ ವ್ಯಾಜ್ಯ ನಡೆಸುವ ಪುಟ್ಟ ಸಂಸ್ಥೆಗಳವರು, ಭಾರತದಲ್ಲಿ ಹೆಚ್ಚಾಗಿ ಕಂಡುಬರುವುದು ದೆಹಲಿಯ ಡಿಫೆನ್ಸ್ ಕಾಲೊನಿ, ಜಂಗ್‌ಪುರ, ನಿಜಾಮುದ್ದೀನ್‌ಗಳಲ್ಲಿ. ಬೆಂಗಳೂರಿನಲ್ಲಾದರೆ ಕನ್ನಿಂಗ್‌ಹ್ಯಾಮ್ ರಸ್ತೆ, ಇನ್‌ಫೆಂಟ್ರಿ ರಸ್ತೆಯ ಆಸುಪಾಸು. ನೂರಾರು ವಕೀಲರಿರುವ ದೊಡ್ಡ ಸಂಸ್ಥೆಯಲ್ಲಿ ಹತ್ತಾರು ವರ್ಷ ದುಡಿದು, ಅಲ್ಲಿಯ ಮೀಟಿಂಗುಗಳಿಗೆ ಬೇಸತ್ತು, ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ಹೊರಬಿದ್ದವರು ಇವರು. ಕಚೇರಿಯಲ್ಲಿ ಟೈಪಿಸ್ಟ್ ಇಲ್ಲ, ಗೋಡೆ ತುಂಬ ಎಐಆರ್ ಕಾನೂನು ವರದಿಗಳ ಸಂಪುಟಗಳಿಲ್ಲ, ಬೆಂಚಿನ ಮೇಲೆ ಕಾದು ಕೂತ ಕಕ್ಷಿದಾರರಂತೂ ಇಲ್ಲವೇ ಇಲ್ಲ. ಗಾಜಿನ ಬಾಗಿಲು, ಕುಂಡದಲ್ಲೊಂದು ಗಿಡ, ಕಾಫಿ ಯಂತ್ರ ಇರುತ್ತವೆ. ಪಾಲುಪಟ್ಟಿ, ವಿಚ್ಛೇದನ, ಚೆಕ್ ಬೌನ್ಸ್ ಹಿಡಿದು ಬಂದವರನ್ನು ಬಹಳ ವಿನಯದಿಂದ ಬೇರೆಯವರ ಬಳಿಗೆ ಕಳಿಸುತ್ತಾರೆ. ಹಬ್ಬಕ್ಕೆ ಊರಿಗೆ ಹೋದಾಗ ಮಾತ್ರ ಕಷ್ಟ. "ವಕೀಲ ಅಂತೀಯ, ಕೋರ್ಟಿಗೆ ಹೋಗಲ್ಲ ಅಂತೀಯ, ಮತ್ತೆ ಸಂಬಳ ಯಾರಪ್ಪಾ ಕೊಡ್ತಾರೆ?" ಎಂಬ ದೊಡ್ಡಪ್ಪನ ಪ್ರಶ್ನೆಗೆ ತೃಪ್ತಿಕರ ಉತ್ತರ ಇನ್ನೂ ಸಿದ್ಧವಾಗಿಲ್ಲ.

ವಕೀಲರು ಜಾಹೀರಾತು ಕೊಡಕೂಡದೆಂಬುದು ಬಾರ್ ಕೌನ್ಸಿಲ್ ನಿಯಮ. ಆದ್ದರಿಂದ ಇವರ ವೆಬ್‌ಸೈಟಿಗೆ ಕಾಲಿಡುವ ಮುನ್ನ, 'ನಾನಾಗಿಯೇ ಬಂದಿದ್ದೇನೆ, ಯಾರೂ ಕರೆದಿಲ್ಲ' ಎಂಬರ್ಥದ ಗುಂಡಿಯೊಂದನ್ನು ಒತ್ತಬೇಕು. ಒಳಗೆ ಕೈಕಟ್ಟಿ ನಿಂತ ಭಾವಚಿತ್ರವಿದೆ. ಗೆದ್ದ ಕೇಸುಗಳಲ್ಲಿ ಇವರು 'ವಾದಿಸಿದ್ದಾರೆ', ಸೋತವುಗಳಲ್ಲಿ 'ಸಲಹೆ ನೀಡಿದ್ದಾರೆ'.

ಇವರ ಅನ್ನದ ಮೂಲ ಒಪ್ಪಂದಗಳ ಕೊನೆಯ ಪುಟ. ಬೆಲೆ, ಗಡುವು, ದಂಡಗಳ ಬಗ್ಗೆ ವಾರಗಟ್ಟಲೆ ಜಗಳವಾಡಿದ ಎರಡು ಕಂಪನಿಗಳು ಆರ್ಬಿಟ್ರೇಷನ್ ಕಲಂ ತಲುಪುವಾಗ ರಾತ್ರಿ ಹನ್ನೆರಡಾಗಿರುತ್ತದೆ. ಯಾರೋ ಹಳೆಯ ಒಪ್ಪಂದದಿಂದ ಒಂದು ಪ್ಯಾರಾ ಎತ್ತಿ ಅಂಟಿಸುತ್ತಾರೆ. ಹೀಗಾಗಿ ಗಣಿ ಇರುವುದು ಬಳ್ಳಾರಿಯಲ್ಲಿ, ವಿಚಾರಣೆ ಸಿಂಗಪುರದಲ್ಲಿ, ನಿಯಮ ಪ್ಯಾರಿಸ್ಸಿನ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯದು (ಐಸಿಸಿ) ಎಂಬಂಥ ಕಲಂಗಳು ಹುಟ್ಟುತ್ತವೆ. ಅವನ್ನು ನೆಟ್ಟಗೆ ಬರೆದಿದ್ದರೆ ಇವರ ಅರ್ಧ ಕೆಲಸವೇ ಇರುತ್ತಿರಲಿಲ್ಲ.

ಜಗಳ ಎದ್ದ ಮೇಲೆ ಮೊದಲ ಕಾರ್ಯ ಆರ್ಬಿಟ್ರೇಟರ್ ಹುಡುಕಾಟ. ಸಾಮಾನ್ಯವಾಗಿ ಎರಡೂ ಕಡೆಯವರು ಒಬ್ಬೊಬ್ಬರನ್ನು ಹೆಸರಿಸುತ್ತಾರೆ. ಆ ಇಬ್ಬರು ಸೇರಿ ಮೂರನೆಯವರನ್ನು ಆರಿಸುತ್ತಾರೆ. ಹೆಣ್ಣು ಕೊಡುವ ಮನೆಯವರು ಗಂಡಿನ ಕಡೆ ವಿಚಾರಿಸುವಷ್ಟೇ ಶ್ರದ್ಧೆಯಿಂದ ಇಲ್ಲಿ ವಿಚಾರಣೆ ನಡೆಯುತ್ತದೆ: ಈ ನಿವೃತ್ತ ನ್ಯಾಯಮೂರ್ತಿಗಳು ಬಡ್ಡಿಯ ವಿಷಯದಲ್ಲಿ ಉದಾರಿಗಳೇ, ಗುತ್ತಿಗೆದಾರರ ಮೇಲೆ ಕನಿಕರವುಳ್ಳವರೇ, ಇಪ್ಪತ್ತು ವರ್ಷದ ಹಿಂದೆ ಯಾವ ಸೆಮಿನಾರಿನಲ್ಲಿ ಏನೆಂದರು? ಯಾವ ನಂಟು ಅಡ್ಡಿ, ಯಾವುದು ಅಡ್ಡಿಯಲ್ಲ ಎಂಬುದಕ್ಕೆ ಅಂತರರಾಷ್ಟ್ರೀಯ ಬಾರ್ ಅಸೋಸಿಯೇಷನ್ ಕೆಂಪು, ಕಿತ್ತಳೆ, ಹಸಿರು ಪಟ್ಟಿಗಳನ್ನೇ ಮಾಡಿಟ್ಟಿದೆ. ಎಲ್ಲ ಮುಗಿದು ಬೇಕಾದವರೇ ಸಿಕ್ಕಿದರೆನ್ನಿ. ಅವರಿಗೆ ಬಿಡುವಿರುವುದು ಮುಂದಿನ ವರ್ಷದ ಒಂದು ಶನಿವಾರ.

ಕಿರಿಯ ವಕೀಲರ ಯೌವನ ಸವೆಯುವುದು ರೆಡ್‌ಫರ್ನ್ ಷೆಡ್ಯೂಲ್ ಎಂಬ ಕೋಷ್ಟಕದಲ್ಲಿ. ಇಂಗ್ಲೆಂಡಿನ ಸಾಲಿಸಿಟರ್ ಅಲನ್ ರೆಡ್‌ಫರ್ನ್ ರೂಪಿಸಿದ ಇದರಲ್ಲಿ ನಾಲ್ಕು ಕಾಲಂ: ಯಾವ ದಾಖಲೆ ಬೇಕು, ಯಾಕೆ ಬೇಕು, ಎದುರಾಳಿಯ ಆಕ್ಷೇಪವೇನು, ಆರ್ಬಿಟ್ರೇಟರ್ ತೀರ್ಮಾನವೇನು. ಮೊದಲ ಕಾಲಂನಲ್ಲಿ 'ಸೈಟ್ ಎಂಜಿನಿಯರ್‌ನ ವಾಟ್ಸ್‌ಆ್ಯಪ್ ಸಂದೇಶಗಳು' ಎಂದಿರುತ್ತದೆ. ಯಾಕೆ ಬೇಕೆಂಬುದಕ್ಕೆ ಒಂದೂವರೆ ಪುಟ, ಕೊಡಲಾಗದು ಎಂಬುದಕ್ಕೆ ಎರಡು ಪುಟ. ಕೊನೆಯ ಕಾಲಂನಲ್ಲಿ ಒಂದೇ ಮಾತು: 'ನಿರಾಕರಿಸಿದೆ'. ಇಂಥವು ಎಂಬತ್ತು ಸಾಲು. ಪ್ರತಿ ಗಂಟೆಗೂ ಬಿಲ್ ಉಂಟು.

ಕಕ್ಷಿದಾರರಿಗೆ ಇವರು ಮಾರುವುದು ವೇಗವನ್ನು. 1996ರ ಆರ್ಬಿಟ್ರೇಷನ್ ಕಾಯ್ದೆಯ 29ಎ ಕಲಂ ಪ್ರಕಾರ, ದೇಶದೊಳಗಿನ ವ್ಯಾಜ್ಯದಲ್ಲಿ ವಾದಪತ್ರಗಳು ಮುಗಿದ ಮೇಲೆ ಹನ್ನೆರಡು ತಿಂಗಳಲ್ಲಿ ಅವಾರ್ಡ್ (ತೀರ್ಪು) ಬರಬೇಕು. ಇಬ್ಬರೂ ಒಪ್ಪಿದರೆ ಇನ್ನಾರು ತಿಂಗಳು. ಅದೂ ಸಾಲದಾದರೆ ಕೋರ್ಟಿಗೆ ಹೋಗಿ ಅವಧಿ ಕೇಳಬೇಕು. ಆರ್ಬಿಟ್ರೇಟರ್ ನೇಮಕಕ್ಕೆ ಎದುರಾಳಿ ಒಪ್ಪದಿದ್ದರೆ 11ನೇ ಕಲಂ ಕೆಳಗೆ ಕೋರ್ಟು, ಮಧ್ಯಂತರ ತಡೆಗೆ 9ನೇ ಕಲಂ ಕೆಳಗೆ ಕೋರ್ಟು, ಅವಾರ್ಡ್ ರದ್ದತಿಗೆ 34ನೇ ಕಲಂ, ಅದರ ಮೇಲೆ 37, ಆಮೇಲೆ ಸುಪ್ರೀಂ ಕೋರ್ಟು. ಸೋತವರು ಅವಾರ್ಡನ್ನು ಸುಮ್ಮನೆ ಒಪ್ಪಿ ಹಣ ಕಟ್ಟಿದ ಉದಾಹರಣೆ ಇದ್ದರೆ ಅದನ್ನು ಪಠ್ಯಪುಸ್ತಕದಲ್ಲಿ ಹಾಕಬಹುದು.

ಈ ವಿಳಂಬವೂ ಇವರ ಕೈಯಲ್ಲಿ ಸರಕಾಗುತ್ತದೆ. ಕೋಲ್ ಇಂಡಿಯಾ ವಿರುದ್ಧ ಆಸ್ಟ್ರೇಲಿಯಾದ ವೈಟ್ ಇಂಡಸ್ಟ್ರೀಸ್ 2002ರಲ್ಲಿ ಅವಾರ್ಡ್ ಗೆದ್ದಿತು. ಅದರ ಜಾರಿ ಭಾರತದ ಕೋರ್ಟುಗಳಲ್ಲಿ ವರ್ಷಗಟ್ಟಲೆ ಕೂತಿತು. ಕಂಪನಿ ಆಗ ಭಾರತ–ಆಸ್ಟ್ರೇಲಿಯಾ ಹೂಡಿಕೆ ಒಪ್ಪಂದ ಹಿಡಿದು ಭಾರತ ಸರ್ಕಾರವನ್ನೇ ಆರ್ಬಿಟ್ರೇಷನ್‌ಗೆ ಎಳೆಯಿತು. ಬೇಕಾದ ಕಲಂ ಆ ಒಪ್ಪಂದದಲ್ಲಿರಲಿಲ್ಲ, ಭಾರತ–ಕುವೈತ್ ಒಪ್ಪಂದದಲ್ಲಿತ್ತು. ಬೇರೆ ದೇಶಕ್ಕೆ ಕೊಟ್ಟ ಸವಲತ್ತು ನಮಗೂ ಸಲ್ಲಬೇಕೆಂಬ ಪರಮಾಪ್ತ ರಾಷ್ಟ್ರದ ನಿಯಮದ ಬಲದಿಂದ ವಕೀಲರು ಅದನ್ನು ಕಡ ತಂದರು, 2011ರಲ್ಲಿ ಗೆದ್ದರು. ಮುಂದೆ ವೊಡಾಫೋನ್, ಕೇರ್ನ್ ಕಂಪನಿಗಳೂ ಇಂಥದೇ ಒಪ್ಪಂದಗಳನ್ನು ಹಿಡಿದು ಬಂದವು. ಬೇಸತ್ತ ಸರ್ಕಾರ ಐವತ್ತಕ್ಕೂ ಹೆಚ್ಚು ದೇಶಗಳೊಡನೆ ಇಂಥ ಒಪ್ಪಂದಗಳನ್ನು ಮುಗಿಸಹೊರಟಿತು.

ಬೆಂಗಳೂರಿನ ಕೊಡುಗೆಯೂ ಚಿಕ್ಕದಲ್ಲ. ಇಸ್ರೊದ ವಾಣಿಜ್ಯ ಅಂಗ ಆಂಟ್ರಿಕ್ಸ್ ಮತ್ತು ದೇವಾಸ್ ಮಲ್ಟಿಮೀಡಿಯಾ 2005ರಲ್ಲಿ ಉಪಗ್ರಹ ಒಪ್ಪಂದ ಮಾಡಿಕೊಂಡವು. 2011ರಲ್ಲಿ ಅದು ರದ್ದಾಯಿತು. 2015ರಲ್ಲಿ ಐಸಿಸಿ ನ್ಯಾಯಮಂಡಳಿ ದೇವಾಸ್‌ಗೆ 56.25 ಕೋಟಿ ಡಾಲರ್ ಕೊಡಿಸಿತು. ದೇವಾಸ್‌ನಲ್ಲಿ ಹಣ ಹಾಕಿದ್ದ ಮಾರಿಷಸ್ಸಿನ ಹೂಡಿಕೆದಾರರು ಒಂದು ಹೂಡಿಕೆ ಒಪ್ಪಂದದಡಿ, ಡಾಯ್ಚ ಟೆಲಿಕಾಂ ಇನ್ನೊಂದರಡಿ ಬೇರೆ ಬೇರೆ ದಾವೆ ಹೂಡಿ ಗೆದ್ದರು. ವಂಚನೆಯ ಕಾರಣಕ್ಕೆ ದೇವಾಸ್ ಕಂಪನಿಯನ್ನೇ ಮುಚ್ಚುವ ಆದೇಶವನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಎತ್ತಿಹಿಡಿಯಿತು; ಅದೇ ವರ್ಷ ದೆಹಲಿ ಹೈಕೋರ್ಟ್ ಐಸಿಸಿ ಅವಾರ್ಡನ್ನು ರದ್ದುಮಾಡಿತು. 2025ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅಲ್ಲಿನ ಕೋರ್ಟಿನ ಅಧಿಕಾರದ ಒಂದು ಪ್ರಶ್ನೆ ತೀರ್ಮಾನಿಸಿ ಪ್ರಕರಣವನ್ನು ಕೆಳಕ್ಕೆ ಮರಳಿಸಿತು. ಇವರಿಗೆ ಕುಲದೇವರ ಸ್ಥಾನದಲ್ಲಿರುವ ಕೇಸೆಂದರೆ ಇದು.

ಇಂಥ ವ್ಯಾಜ್ಯಗಳಿಂದ ದಣಿದ ಕೇಂದ್ರ ಹಣಕಾಸು ಸಚಿವಾಲಯ 2024ರ ಜೂನ್‌ನಲ್ಲಿ ಹೊಸ ಸೂಚನೆ ಹೊರಡಿಸಿದೆ. ಸರ್ಕಾರಿ ಖರೀದಿ ಒಪ್ಪಂದಗಳಲ್ಲಿ ಆರ್ಬಿಟ್ರೇಷನ್ ಕಲಂ ರೂಢಿಯಂತೆ ಸೇರಿಸಬೇಡಿ, ಸೇರಿಸಿದರೂ 10 ಕೋಟಿ ರೂಪಾಯಿಗಿಂತ ಕಡಿಮೆಯ ವ್ಯಾಜ್ಯಗಳಿಗೆ ಸೀಮಿತಗೊಳಿಸಿ ಎಂಬುದು ಅದರ ಸಾರ. ರಾಜಿಯಾಗದ ದೊಡ್ಡ ವ್ಯಾಜ್ಯಗಳು ಇನ್ನು ನೇರ ಕೋರ್ಟಿಗೆ ಹೋಗುತ್ತವೆ. ಅಲ್ಲಿ ಇವರು ಆಗಲೇ ಪರಿಚಿತರು.